ಬಯಲುಸೀಮೆಯ ಒಣ ಹವೆಯಲ್ಲಿ ಹಳೇ ಲೆದರ್ ಶೂ ಉಳಿಸುವ ಬಗೆ

ದಾವಣಗೆರೆಯಲ್ಲಿ ಹಳೇ ಲೆದರ್ ಶೂ ಕೂಡಿಡುವವರಿಗೆ ಬೂಷ್ಟಿಗಿಂತ ದೊಡ್ಡ ಶತ್ರು ಒಣ ಹವೆ. ಈ ವಿಷಯದಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ಮುಂಬೈ, ಮಂಗಳೂರಿನಂಥ ತೇವದ ಊರುಗಳಿಗೆ ಹೊಂದುವಂಥವು: ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ, ಗಾಳಿಗಿಡಿ ಅನ್ನುತ್ತವೆ. ಫೆಬ್ರವರಿಯಿಂದ ಮೇವರೆಗೆ ನಮ್ಮಲ್ಲಿ ಹಾಗೆ ಮಾಡಿದರೆ ಚರ್ಮದಲ್ಲಿ ಉಳಿದ ಅಷ್ಟಿಷ್ಟು ಪಸೆಯೂ ಆರಿ, ನಡೆಯುವಾಗ ಮಡಿಕೆ ಬೀಳುವ ಜಾಗದಲ್ಲೇ ಬಿರುಕು ಬಿಡುತ್ತದೆ. ನಾನು ಮಾಡುವುದೆಲ್ಲ ಇದನ್ನು ತಪ್ಪಿಸುವುದಕ್ಕೇ.

ನಮ್ಮ ಕಡೆ ಒಳ್ಳೆಯ ಜೋಡಿ ಸಿಗುವುದು ಹಳೇ ಮನೆಗಳ ಟ್ರಂಕುಗಳಲ್ಲಿ, ಬಾಗಿಲು ಮುಚ್ಚುತ್ತಿರುವ ಚಪ್ಪಲಿ ಅಂಗಡಿಗಳ ಅಟ್ಟದಲ್ಲಿ. ಶೂ ಜೊತೆ ಡಬ್ಬಿಯನ್ನೂ ಕೇಳಿ ಪಡೆಯಿರಿ. ಕಾಲ ಹೇಳುವುದು ಅದೇ. ಬೆಲೆ ಆಣೆಯಲ್ಲಿದ್ದರೆ ಹೆಚ್ಚಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ನಯಾ ಪೈಸೆ ಎಂದಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಅಂಗಡಿಯ ಮೊಹರಿನಲ್ಲಿ ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು, 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಎಂದಿದ್ದರೆ 1997ಕ್ಕಿಂತ ಹಿಂದಿನದು ಎಂದು ಊಹಿಸಬಹುದು. ಇವುಗಳಲ್ಲಿ ಗಟ್ಟಿ ಸಾಕ್ಷ್ಯ ಪಿನ್ ಕೋಡ್ ಮತ್ತು ನಯಾ ಪೈಸೆ. ಹಳೇ ಮೊಹರನ್ನು ಅಂಗಡಿಯವರು ವರ್ಷಗಟ್ಟಲೆ ಬಳಸುತ್ತಿದ್ದರು. ಡಬ್ಬಿಯ ಸೈಜು, ಶೂ ಒಳಗಿನ ಸೈಜು ಒಂದೇ ಇದೆಯೇ ಎಂದು ನೋಡುವುದನ್ನು ಮರೆಯಬೇಡಿ, ಡಬ್ಬಿ ಬದಲಾಗಿರುವುದು ಸಾಮಾನ್ಯ.

ಕೊಳ್ಳುವ ಮೊದಲು ಅಟ್ಟೆ ನೋಡಬೇಕು. ಲೆದರ್ ಅಟ್ಟೆ, ಅಂಚಿನಲ್ಲಿ ವೆಲ್ಟ್ (ಶೂ ಮೈಯನ್ನು ಅಟ್ಟೆಗೆ ಕೂಡಿಸುವ ಚರ್ಮದ ಪಟ್ಟಿ), ಅದರ ಮೇಲೆ ನಿಜವಾದ ಹೊಲಿಗೆ ಇದ್ದರೆ ಅಟ್ಟೆ ಬಿಚ್ಚಿ ಬದಲಿಸಬಹುದು. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ಸೋಲ್ ಆದರೆ ಉಗುರಿನಿಂದ ಒತ್ತಿ ನೋಡಿ. ಅಂಟಂಟಾಗಿದ್ದರೆ, ಪುಡಿ ಉದುರಿದರೆ ಬಿಟ್ಟುಬಿಡಿ. ಗಾಳಿಯ ತೇವದಿಂದಲೇ ಆ ವಸ್ತು ಒಳಗೊಳಗೆ ಒಡೆಯುತ್ತದೆ, ಒಂದು ದಿನವೂ ತೊಡದ ಹೊಸ ಶೂ ಕೂಡ ಹಾಗಾಗುತ್ತದೆ.

ಮನೆಗೆ ತಂದ ಮೇಲೆ ಶೂವನ್ನು ಬಗ್ಗಿಸಬಾರದು, ಕಾಲಿಗೆ ಹಾಕಬಾರದು, ಶೂ ಟ್ರೀಯನ್ನೂ (ಆಕಾರ ಉಳಿಯಲೆಂದು ಒಳಗಿಡುವ ಪಾದದಾಕಾರದ ಅಚ್ಚು) ತೂರಿಸಬಾರದು. ಟ್ರೀಯಿಂದ ಆಕಾರ ಬರುತ್ತದೆ ಎಂದು ಮೊದಲ ದಿನವೇ ಹಾಕುವವರಿದ್ದಾರೆ. ಒಣಗಿದ ನಾರು ಆ ಎಳೆತ ತಡೆಯದೆ ಮಡಿಕೆಯಲ್ಲಿ ಸೀಳುತ್ತದೆ. ಲೇಸು ತೆಗೆದು ಕುದುರೆ ಕೂದಲಿನ ಬ್ರಷ್‌ನಿಂದ ದೂಳು ಹೊಡೆಯಿರಿ. ವೆಲ್ಟ್‌ನ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ನಮ್ಮ ಕೆಮ್ಮಣ್ಣಿನ ದೂಳು ಮಡಿಕೆಯಲ್ಲಿ ಕೂತರೆ ಉಪ್ಪುಕಾಗದದ ಹಾಗೆ ಚರ್ಮವನ್ನು ಸವೆಸುತ್ತದೆ.

ಬಿಳಿ ಪೊರೆ ಕಂಡರೆ ಹೇರ್ ಡ್ರೈಯರ್‌ನ ಬೆಚ್ಚನೆ ಗಾಳಿ ಹಿಡಿಯಿರಿ. ಕರಗಿ ಮಾಯವಾದರೆ ಅದು ಚರ್ಮದೊಳಗಿನ ಕೊಬ್ಬು ಮೇಲೆ ಬಂದದ್ದು, ಒರೆಸಿದರೆ ಮುಗಿಯಿತು. ಕರಗದಿದ್ದರೆ ಬೂಷ್ಟು. ಹೊರಗೆ ನೆರಳಿನಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬ್ರಷ್‌ನಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರನ್ನು ಸಮಪಾಲು ಬೆರೆಸಿ, ಹಿಂಡಿದ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ ಒಂದು ದಿನ ಆರಿಸಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಶೂ ನಾಲಿಗೆಯ (ಲೇಸಿನಡಿಯ ಪಟ್ಟಿ) ಒಳಮೈಯಲ್ಲಿ ಪರೀಕ್ಷಿಸಬೇಕು. ಗಟ್ಟಿಯಾದ ಹಳೇ ಪಾಲಿಶ್ ಪದರಕ್ಕೆ ಬನಿಯನ್ ಬಟ್ಟೆಗೆ ನಾಲ್ಕೈದು ಹನಿ ಟರ್ಪೆಂಟೈನ್ ಸಾಕು. ಥಿನ್ನರ್, ಅಸಿಟೋನ್ ಬೇಡವೇ ಬೇಡ, ಚರ್ಮದ ಫಿನಿಶ್ಶೇ ಕರಗಿ ಬರುತ್ತದೆ.

ಇಲ್ಲಿಂದ ಮುಂದೆ ಅವಸರ ಮಾಡಬಾರದು. ಮೊದಲು ತೇವ, ಆಮೇಲೆ ಜಿಡ್ಡು. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆ ಹಾಸಿ, ಮೇಲೆ ಸ್ಟೀಲ್ ಜಾಲರಿ ಇಟ್ಟು, ಬಟ್ಟೆಗೆ ತಾಗದಂತೆ ಶೂ ಇಟ್ಟು ಮುಚ್ಚುತ್ತೇನೆ. ಒಂದು ರಾತ್ರಿ ಸಾಕು. 24 ಗಂಟೆ ದಾಟಿದರೆ ಬೂಷ್ಟನ್ನು ನಾವೇ ಬೆಳೆಸಿದಂತೆ. ಬೂಷ್ಟು ತೆಗೆಯುವ ಕೆಲಸ ಇದಕ್ಕಿಂತ ಮೊದಲೇ ಮುಗಿದಿರಬೇಕು.

ನಂತರ ಚರ್ಮದ ಮೇಲೆ ಒಂದು ಹನಿ ನೀರು ಬಿಡಿ. ನಿಮಿಷದೊಳಗೆ ಹೀರಿ ಕಪ್ಪಾದರೆ ಅದು ತೆರೆದ ಚರ್ಮ, ಕಂಡೀಷನರ್ (ಚರ್ಮಕ್ಕೆ ಜಿಡ್ಡು ಕೊಡುವ ಕ್ರೀಮ್) ಕುಡಿಯುತ್ತದೆ. ಶೂ ಒಂದಕ್ಕೆ ಅರ್ಧ ಚಮಚ, ಬೆರಳಿನಿಂದ ತೆಳ್ಳಗೆ ಸವರಿ, 12 ಗಂಟೆ ಬಿಟ್ಟು ಮತ್ತೆ. ಮೂರ್ನಾಲ್ಕು ಸುತ್ತಿನಲ್ಲಿ ಮಡಿಕೆ ಮೆತ್ತಗಾಗುತ್ತದೆ, ಆಗ ಟ್ರೀ ಹಾಕಬಹುದು. ಹನಿ ಹಾಗೇ ನಿಂತರೆ ಅದು ಪ್ಲಾಸ್ಟಿಕ್‌ನಂಥ ಫಿನಿಶ್ ಇರುವ ಚರ್ಮ. ನಮ್ಮಲ್ಲಿ ಸಿಗುವ ಹಳೇ ಆಫೀಸ್ ಶೂಗಳಲ್ಲಿ ಇಂಥವೇ ಬಹಳ. ಅದಕ್ಕೆ ತೇವ ಒಳಗಿನ ಲೈನಿಂಗ್ ಮೂಲಕವೇ ಹೋಗಬೇಕು. ಹೊರಗೆ ಎಷ್ಟು ಕ್ರೀಮ್ ಬಳಿದರೂ ಅಂಟಾಗಿ ಕೂರುತ್ತದೆ.

ಮನೆಯ ಎಣ್ಣೆ ಹಚ್ಚಬಹುದೇ ಎಂದು ಕೇಳುವವರು ಬಹಳ. ಚಳ್ಳಕೆರೆಯ ಗಾಣದ ಶೇಂಗಾ ಎಣ್ಣೆ ಎಷ್ಟೇ ಶುದ್ಧವಾಗಿದ್ದರೂ ಗಾಳಿಗೆ ಕಮಟಾಗಿ, ಅಂಟಾಗಿ, ದೂಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಚರ್ಮವನ್ನು ಕಪ್ಪಾಗಿಸಿ, ಶೂ ಮೂತಿಯ ಬಿಗಿ ಸಡಿಲಿಸುತ್ತದೆ. ಎರಡೂ ಬೇಡ.

ಕೂದಲೆಳೆಯಂಥ ಬಿರುಕಿದ್ದರೆ 600, ಆಮೇಲೆ 1000 ನಂಬರಿನ ಉಪ್ಪುಕಾಗದದಿಂದ ಅಂಚು ನಯ ಮಾಡಿ, ಲೆದರ್ ಫಿಲ್ಲರ್ ಅನ್ನು ತೆಳ್ಳಗೆ ಎರಡು ಮೂರು ಸಲ ತುಂಬಿ, ಪ್ರತಿ ಸಲ ಆರಿದ ಮೇಲೆ ಉಜ್ಜಿ, ಕೊನೆಗೆ ಬಣ್ಣ ಕೊಡಿ. ಲೈನಿಂಗ್ ಕಾಣುವಷ್ಟು ಸೀಳಿದ್ದರೆ ತೊಡುವ ಆಸೆ ಬಿಟ್ಟು ಪ್ರದರ್ಶನಕ್ಕಿಡಿ. ವ್ಯಾಕ್ಸ್ ಪಾಲಿಶ್ ಮೂತಿಗೆ, ಹಿಮ್ಮಡಿಗೆ ಮಾತ್ರ. ಮಡಿಕೆಯ ಮೇಲೆ ಅದು ಒಡೆದು ಬಿಳಿ ಗೆರೆ ಬೀಳುತ್ತದೆ.

ಅಟ್ಟೆ ಹೊಲಿಸುವಾಗ ರಿಪೇರಿಯವರ ಪಕ್ಕದಲ್ಲೇ ಕೂತು ಮಾತಾಡಿ. ಮೊಳೆ ಬೇಡ, ವೆಲ್ಟ್‌ನ ಹಳೇ ತೂತುಗಳಲ್ಲೇ ಮೇಣದ ದಾರ ಹಾಯಿಸಿ, ಹೊಸ ತೂತು ಬೇಡ ಎಂದು ಮೊದಲೇ ಹೇಳಬೇಕು. ಹಳೇ ಶೂಗಳ ಇನ್‌ಸೋಲ್ (ಪಾದದಡಿಯ ಒಳ ಅಟ್ಟೆ), ಹೊರ ಅಟ್ಟೆ ಸಾಮಾನ್ಯವಾಗಿ ಗಿಡದ ತೊಗಟೆಯಲ್ಲಿ ಹದ ಮಾಡಿದ ಚರ್ಮ. ದಕ್ಷಿಣ ಭಾರತದಲ್ಲಿ ಅದಕ್ಕೆ ಬಳಸುತ್ತಿದ್ದುದು ತಂಗಡಿ ತೊಗಟೆ. ಚಿತ್ರದುರ್ಗದ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಗಿಡ ಅದೇ. ಆ ತೊಗಟೆಯ ಒಗರಿಗೆ ಕಬ್ಬಿಣ ಸೇರಿ ಬೆವರು ತಾಗಿದರೆ ಮೊಳೆಯ ಸುತ್ತ ಚರ್ಮ ಕಪ್ಪಾಗಿ, ಕ್ರಮೇಣ ಪುಡಿಯಾಗುತ್ತದೆ.

ಇಡುವುದು ಹತ್ತಿ ಬಟ್ಟೆಯ ಚೀಲದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಲ್ಲ. ಪಡುವಣ ಗೋಡೆಗೆ ತಾಗಿದ ಕಬ್ಬಿಣದ ಬೀರು ಬೇಸಿಗೆಯಲ್ಲಿ ಕಾಯುತ್ತದೆ, ಜಾಗ ಬದಲಿಸಿ. ಬೀರುವಿನೊಳಗೆ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಇಟ್ಟು ತೇವಾಂಶ ಶೇ. 45ರಿಂದ 55ರ ನಡುವೆ ಇರುವಂತೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯೊಳಗೆ ಒದ್ದೆ ಸ್ಪಂಜು ಇಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸ್ಪಂಜು ತೆಗೆದು ಸಿಲಿಕಾ ಜೆಲ್ ಇಡಿ, ಅದೂ ಮೀಟರ್ 60 ದಾಟಿದಾಗ ಮಾತ್ರ. ಲೇಸು ಹಾಯಿಸುವ ಹಿತ್ತಾಳೆ ಕಣ್ಣುಗಳಲ್ಲಿ ಹಸಿರು ಕಿಲುಬು ಕಂಡರೆ ಚರ್ಮದ ಜಿಡ್ಡು ಲೋಹಕ್ಕೆ ತಾಗಿದೆ ಎಂದರ್ಥ. ಹಲ್ಲುಕಡ್ಡಿಯಿಂದ ಕೆರೆದು ತೆಗೆದು, ಮುಂದಿನ ಸಲ ಕಂಡೀಷನರ್ ಅಲ್ಲಿಗೆ ತಾಗದಂತೆ ಸವರಿ.