ಗುಳಿ ರಾಗಿ ಪ್ರಯೋಗಕ್ಕೆ ಅನುದಾನ ಪಡೆದ ಬಗೆ: ನನ್ನ ಅನುಭವ

ಸಾವಯವ ಕೃಷಿ ಮಾಡೋರಿಗೆ ದುಡ್ಡು ಕೊಡುವ ಯೋಜನೆಗಳಿವೆ. 2015ರಲ್ಲಿ ಶುರುವಾದ ಪರಂಪರಾಗತ ಕೃಷಿ ವಿಕಾಸ ಯೋಜನೆ ಅಂಥದ್ದು. ಗುಂಪು ಕಟ್ಟಿಕೊಂಡು ಸಾವಯವಕ್ಕೆ ಬಂದರೆ ಗೊಬ್ಬರ, ತರಬೇತಿ, ಪ್ರಮಾಣಪತ್ರಕ್ಕೆ ನೆರವು ಸಿಗುತ್ತದೆ. ನಮಗೆ ಬೇಕಿದ್ದದ್ದು ಬೇರೆ. ಸಾವಯವದಿಂದ ನಿಜಕ್ಕೂ ಲಾಭ ಎಷ್ಟು, ಲುಕ್ಸಾನು ಎಷ್ಟು ಅಂತ ನಮ್ಮ ಹೊಲದಲ್ಲೇ ಅಳೆದು ನೋಡಬೇಕಿತ್ತು.

ನಾನು ಹಾವೇರಿ ಜಿಲ್ಲೆಯ ಒಂದು ಸಣ್ಣ ರೈತ ಉತ್ಪಾದಕರ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ನಮ್ಮ ಕಡೆ ಗುಳಿ ರಾಗಿ ಹಳೇ ಪದ್ಧತಿ. ಒಂದೂವರೆ ಅಡಿ ಅಂತರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಹೊಡೆದು, ಗೆರೆ ಕೂಡುವಲ್ಲಿ ಗುಳಿ ಮಾಡಿ, ಹಿಡಿ ತಿಪ್ಪೆಗೊಬ್ಬರ ಹಾಕಿ ಎರಡು ಸಸಿ ನೆಡುತ್ತಾರೆ. ಬೇರು ಹಿಡಿದ ಮೇಲೆ ಪೈರಿನ ಮೇಲೆ ಮರದ ಕೊರಡು ಎಳೆಯುತ್ತಾರೆ. ಮೊದಲ ಸಲ ನೋಡುವವರಿಗೆ ಎದೆ ಧಸಕ್ ಅನ್ನುತ್ತದೆ. ಆದರೆ ಹಾಗೆ ಬಾಗಿದ ಪೈರೇ ತೆಂಡೆ, ಅಂದರೆ ಬುಡದ ಕವಲು, ಜಾಸ್ತಿ ಒಡೆಯೋದು.

ನಾವು ಅರ್ಜಿ ಹಾಕಿದ್ದು ನಬಾರ್ಡ್‌ನ, ಅಂದರೆ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಿನ, ಕೃಷಿ ಕ್ಷೇತ್ರ ಉತ್ತೇಜನ ನಿಧಿಗೆ. ಹಳೆಯ ಎರಡು ನಿಧಿಗಳನ್ನು ಸೇರಿಸಿ 2014ರಲ್ಲಿ ಮಾಡಿದ ನಿಧಿ ಇದು. ನಮ್ಮ ಕಂಪನಿಯ ಹೆಸರಲ್ಲಿ ಕೇಳಿದೆವು, ಮೊದಲ ಮಾತುಕತೆ ನಬಾರ್ಡ್‌ನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರ ಹತ್ತಿರ. ಅರ್ಜಿಯಲ್ಲಿ ಭೂತಾಯಿ, ವಿಷಮುಕ್ತ ಅನ್ನ ಅಂತ ಒಂದು ಸಾಲೂ ಬರೆಯಲಿಲ್ಲ. ಅದನ್ನು ಎಲ್ಲರೂ ಬರೆಯುತ್ತಾರೆ. ಒಂದೇ ಪ್ರಶ್ನೆ ಇಟ್ಟೆವು: ಗುಳಿ ರಾಗಿಗೆ ಸರ್ಕಾರಿ ಗೊಬ್ಬರ (ರಾಸಾಯನಿಕ ಗೊಬ್ಬರ) ಬಿಟ್ಟು ತಿಪ್ಪೆಗೊಬ್ಬರ, ಜೀವಾಮೃತ ಮಾತ್ರ ಕೊಟ್ಟರೆ ಇಳುವರಿ ಎಷ್ಟು ತಗ್ಗುತ್ತದೆ, ಖರ್ಚು ಎಷ್ಟು ಉಳಿಯುತ್ತದೆ?

ಪ್ರತಿ ರೈತನ ಹೊಲದಲ್ಲೂ ಎರಡು ಭಾಗ: ಒಂದು ಸರ್ಕಾರಿ ಗೊಬ್ಬರದ್ದು, ಇನ್ನೊಂದು ತಿಪ್ಪೆಗೊಬ್ಬರ, ಜೀವಾಮೃತ ಮಾತ್ರ ಕೊಡುವ ಪ್ರಯೋಗದ ಭಾಗ. ಬೀಜ ಒಂದೇ, ನಾಟಿ ದಿನ ಒಂದೇ. ಜೀವಾಮೃತದ ಅಳತೆಯೂ ಒಂದೇ: ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಒಬ್ಬೊಬ್ಬರು ಒಂದೊಂದು ಅಳತೆ ಹಾಕಿದರೆ ಲೆಕ್ಕ ಎಲ್ಲಿ ಕೂಡುತ್ತೆ?

ಬಜೆಟ್‌ನಲ್ಲಿ ಬೋರ್‌ವೆಲ್ ಸೇರಿಸೋಣ ಅಂತ ನಮ್ಮವರೇ ಹಟ ಹಿಡಿದರು. ನಾನು ಒಪ್ಪಲಿಲ್ಲ. ಮಣ್ಣು ಪರೀಕ್ಷೆ, ತಕ್ಕಡಿ, ಕೊಯ್ಲಿನ ಕೂಲಿ, ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಯ ಓಡಾಟ, ಇಷ್ಟೇ. ಒಂದನ್ನು ಮಾತ್ರ ಬಿಡದೆ ಕೇಳಿದೆ: ಪ್ರಯೋಗದ ಭಾಗದಲ್ಲಿ ಇಳುವರಿ ಬಿದ್ದರೆ ರೈತನಿಗೆ ಪರಿಹಾರ. ನಮ್ಮ ಪ್ರಶ್ನೆಗೆ ಉತ್ತರ ಹುಡುಕೋಕೆ ಅವನು ಸುಮ್ನೆ ಯಾಕೆ ನಷ್ಟ ಹೊರಬೇಕು, ಅಲ್ವಾ?

ದುಡ್ಡು ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ, ಅಂದರೆ ಹಣ ಖರ್ಚಾದ ಲೆಕ್ಕ, ಹೋಗದೆ ಮುಂದಿನದು ಬರೋದಿಲ್ಲ. ಮಳೆ ಅದಕ್ಕೆ ಕಾಯುತ್ತಾ? ನಾಟಿ ಹೊತ್ತಿಗೆ ಕೈ ಕಟ್ಟಬಾರದು ಅಂತ ಕಂಪನಿ ಖಾತೆಯಲ್ಲಿ ಒಂದಿಷ್ಟು ಹಣ ಎತ್ತಿಟ್ಟಿದ್ದೆವು. ಕೂಲಿ ಕೊಟ್ಟ ದಿನವೇ ವೋಚರ್‌ಗೆ ಸಹಿ, ಇಲ್ಲಾ ಹೆಬ್ಬೆಟ್ಟು. ತಿಂಗಳಾದ ಮೇಲೆ ಹುಡುಕಿಕೊಂಡು ಹೋದರೆ ಯಾರೂ ಸಿಗೋದಿಲ್ಲ.

ಕೊಯ್ಲಿನ ದಿನ ನೋಡಬೇಕಿತ್ತು. ಐದು ಮೀಟರ್ ಚೌಕಕ್ಕೆ ಹಗ್ಗ ಕಟ್ಟಿ ಅದರೊಳಗಿನ ತೆನೆ ಮಾತ್ರ ಕೊಯ್ಯಬೇಕು. ಚೌಕ ಎಲ್ಲಿ ಅನ್ನೋದು ಚೀಟಿ ಎತ್ತಿ ತೀರ್ಮಾನ. ‘ಅಲ್ಲಿ ಬ್ಯಾಡ್ರೀ, ಇಲ್ಲಿ ಚಲೋ ಬಂದೈತಿ’ ಅಂತ ಪ್ರತಿಯೊಬ್ಬ ರೈತನೂ ತನ್ನ ಒಳ್ಳೇ ಮೂಲೆ ತೋರಿಸಿದ. ಆ ಚೌಕದ ಒಂದು ಕೆಜಿ ಅಂದರೆ ಎಕರೆಗೆ ಸುಮಾರು 160 ಕೆಜಿ. ಹಗ್ಗ ಸರಿದರೆ ಫಲಿತಾಂಶವೇ ಸರಿಯುತ್ತದೆ.

ಕಾಳಿನ ತೂಕದಲ್ಲಿ ಸರ್ಕಾರಿ ಗೊಬ್ಬರದ ಭಾಗವೇ ಮುಂದಿತ್ತು. ಖರ್ಚು ಕಳೆದರೆ ಅಂತರ ಕಿರಿದಾಯಿತು, ಆದರೆ ಪೂರ್ತಿ ಮುಚ್ಚಲಿಲ್ಲ. ವರದಿಯಲ್ಲಿ ಹಾಗೇ ಬರೆದೆವು. ಸಾವಯವದ ಕೆಲವು ಗೆಳೆಯರಿಗೆ ಬೇಸರವಾಯಿತು. ಹೆಣ್ಣುಮಕ್ಕಳು ಮಾತ್ರ ಬೇರೆಯೇ ಕೇಳಿದರು: ಹುಲ್ಲು ಯಾಕೆ ತೂಗಲಿಲ್ಲ? ದನಕ್ಕೆ ಹಾಕೋರಿಗೆ ಅದೂ ಬೆಳೆಯೇ. ಈಗ ಬರೆಯುತ್ತಿರುವ ಅರ್ಜಿಯಲ್ಲಿ ಹುಲ್ಲಿನ ತೂಕಕ್ಕೆ ಬೇರೆ ಕಲಂ ಇಟ್ಟಿದ್ದೇವೆ, ದೊಡ್ಡ ತಕ್ಕಡಿಯ ಬಾಡಿಗೆಯನ್ನೂ ಬಜೆಟ್‌ಗೆ ಸೇರಿಸಿದ್ದೇವೆ.