ಜೀನ್ಸ್ ಯೂನಿಟ್‌ನಾಗೆ ಕೂತು ಇಂಗ್ಲಿಷ್ ಗ್ರಾಮರ್ ಕಲ್ತಿದ್ದು, ನನ್ನ ಅನುಭವ

ನಾನು ಬಳ್ಳಾರ್ಯಾಗೆ ಒಂದು ಜೀನ್ಸ್ ಯೂನಿಟ್‌ನಾಗೆ ಲೆಕ್ಕ ಬರೆಯೋದು, ಪಾರ್ಸೆಲ್ ಕಳಿಸೋದು ನೋಡ್ಕೊಂತೀನಿ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ನಮ್ ಕಾಲಕ್ಕೆ ಸರ್ಕಾರಿ ಶಾಲ್ಯಾಗೆ ಇಂಗ್ಲಿಷ್ ಶುರು ಆಗ್ತಿದ್ದಿದ್ದೇ ಐದನೇ ಕ್ಲಾಸಿಗೆ. ಮೊದಲೆಲ್ಲಾ ಮಾಲು ತಗೊಳ್ಳೋ ಪಾರ್ಟಿಗಳು ಫೋನ್ ಮಾಡೋರು, ತೆಲುಗೋ ಹಿಂದಿನೋ ಹೆಂಗೋ ನಡೀತಿತ್ತು, ವಾಟ್ಸಾಪ್ ಬಂದ್ಮೇಲೆ ಹೊರ ರಾಜ್ಯದೋರೆಲ್ಲಾ ಇಂಗ್ಲಿಷ್‌ನಾಗೆ ಮೆಸೇಜ್ ಹಾಕೋಕೆ ಹತ್ತಿದ್ರು.

ಒಂದ್ಸಲ ಒಬ್ರು ಮಾಲು ಏನಾಯ್ತು ಅಂತ ಕೇಳಿದ್ರು. ನಾಳೆ ಕಳಿಸ್ತೀವಿ ಅನ್ನೋಕೆ ನಾನು 'ಗೂಡ್ಸ್ ಸೆಂಟ್' ಅಂತ ಹಾಕ್ದೆ, ಅಂದ್ರೆ ಮಾಲು ಕಳಿಸಿಯಾಯ್ತು ಅಂತ ಆಗ್ತದೆ. ಮಾಲು ಇನ್ನೂ ವಾಷಿಂಗ್‌ನಾಗೇ ಇತ್ತು. ಅವರು ಎರಡು ದಿನ ಲಾರಿ ಆಫೀಸಿಗೆ ತಿರುಗಿ, ಆಮೇಲೆ ನಮ್ ಸಾವ್ಕಾರ್ರಿಗೆ ಫೋನ್ ಮಾಡಿ ನಿಮ್ ಹುಡುಗ ಸುಳ್ಳು ಹೇಳ್ತಾನೆ ಅಂದ್ರು. ನಾನು ಸುಳ್ಳು ಹೇಳಿರ್ಲಿಲ್ಲ, ನಂಗೆ ಸೆಂಡ್‌ಗೂ ಸೆಂಟ್‌ಗೂ ಫರಕ್ಕೇ ಗೊತ್ತಿರ್ಲಿಲ್ಲ. ಆ ಮಾತು ಭಾಳ ನೋವಾಯ್ತು.

ಗ್ರಾಮರ್ ಬುಕ್ ತಂದೆ. ನೌನ್, ಪ್ರೋನೌನ್, ಆಮೇಲೆ ಮೂರು ಟೆನ್ಸು, ಒಂದೊಂದಕ್ಕೂ ನಾಕು ತರ, ಒಟ್ಟು ಹನ್ನೆರಡು. ಎರಡು ವಾರ ಬಾಯಿಪಾಠ ಮಾಡಿದೆ, ಮೆಸೇಜ್ ಬರೆಯೋಕೆ ಕೂತ್ರೆ ಒಂದೂ ನೆನಪಾಗ್ತಿರ್ಲಿಲ್ಲ. ಬುಕ್ ಪಕ್ಕಕ್ಕಿಟ್ಟು, ದಿನಾ ನಾವಾಡೋ ಕನ್ನಡ ಮಾತನ್ನೇ ಬಿಲ್ ಬುಕ್ಕಿನ ಹಿಂದೆ ಬರ್ಕೊಂಡು ಅದರ ಎದುರಿಗೆ ಇಂಗ್ಲಿಷ್ ಬರೆಯೋಕೆ ಶುರು ಮಾಡ್ದೆ.

ಆಗ ಗೊತ್ತಾಯ್ತು ನೋಡ್ರಿ, ನಾನು ಎಡವ್ತಿರೋದು ಎಲ್ಲಿ ಅಂತ. 'ದಿನಾ ಕಳಿಸ್ತೀವಿ', 'ನಾಳೆ ಕಳಿಸ್ತೀವಿ', ನಮಗೆ ಎರಡಕ್ಕೂ ಒಂದೇ ಕಳಿಸ್ತೀವಿ. ತೆಲುಗಿನಾಗೂ ಹಂಗೇ. ಇಂಗ್ಲಿಷ್‌ನಾಗೆ ದಿನದ್ದು 'ವಿ ಸೆಂಡ್', ನಾಳೇದು 'ವಿ ವಿಲ್ ಸೆಂಡ್', ನಿನ್ನೇದು 'ವಿ ಸೆಂಟ್'. ನಾನು ಈ ಮೂರನ್ನ ಬಿಟ್ಟು ಬೇರೆ ಟೆನ್ಸ್ ಆರು ತಿಂಗಳು ಮುಟ್ಲಿಲ್ಲ, ಹೊಸದಾಗಿ ಕಲಿಯೋರಿಗೂ ಹಂಗೇ ಮಾಡ್ರಿ ಅಂತೀನಿ.

ಕ್ರಿಯಾಪದಗಳನ್ನೂ ಯೂನಿಟ್ ಒಳಗಿಂದಾನೇ ಆರಿಸ್ಕೊಂಡೆ. ಸ್ಟಿಚ್, ವಾಷ್, ಪ್ಯಾಕ್, ಲೋಡ್ ಇವಕ್ಕೆಲ್ಲಾ ಕೊನಿಗೆ ಇ-ಡಿ ಹಚ್ಚಿದ್ರೆ ನಿನ್ನೇದು ಆಯ್ತು, ಆದ್ರೆ ಬಾಯಲ್ಲಿ ವಾಷ್ಟ್, ಪ್ಯಾಕ್ಟ್ ಅನ್ಬೇಕು, ಲೋಡ್‌ಗೆ ಮಾತ್ರ ಲೋಡೆಡ್. ಪೇ ಪೇಯ್ಡ್ ಆಗ್ತದೆ, ಗಿವ್ ಗೇವ್ ಆಗ್ತದೆ. ಕಟ್ ಅನ್ನೋದು ಮಾತ್ರ ನಿನ್ನೆಗೂ ಇವತ್ತಿಗೂ ಕಟ್ಟೇ, ಕಟಿಂಗ್ ಮಾಸ್ಟರ್ರಿಗೆ ಹೇಳಿದ್ರೆ ಅವರಿಗೂ ಖುಷಿಯಾಯ್ತು.

ಇನ್ನೊಂದು, ನಾವು 'ಮಾಲು ರೆಡಿ' ಅಂದ್ಬಿಟ್ರೆ ಮಾತು ಮುಗೀತು, ಇಂಗ್ಲಿಷ್‌ನಾಗೆ ನಡುವೆ ಒಂದು 'ಆರ್' ಇರ್ಲೇಬೇಕು, 'ದ ಗೂಡ್ಸ್ ಆರ್ ರೆಡಿ'. ಅದನ್ನ ಕಲ್ತ ಹುರುಪಿಗೆ ಎಲ್ಲಾ ಕಡೆ ಆಮ್, ಆರ್ ಸೇರ್ಸಿ 'ವಿ ಆರ್ ಸೆಂಡ್' ಅಂತ ಬರೀತಿದ್ದೆ, ಅದೂ ತಪ್ಪು. 'ಸ್ಟಾಕ್ ಇಲ್ಲ' ಅನ್ನೋಕೆ 'ಸ್ಟಾಕ್ ನಾಟ್ ದೇರ್' ಅಂತಿದ್ದೆ, 'ವಿ ಡೋಂಟ್ ಹ್ಯಾವ್ ಸ್ಟಾಕ್' ಅನ್ಬೇಕು. ಮತ್ತೆ 'ಡಿಡ್' ಬಂತು ಅಂದ್ರೆ ನಿನ್ನೆ ಅನ್ನೋದು ಅದರಾಗೇ ಬಂದ್ಬಿಡ್ತು, ಮುಂದೆ ಬರೀ ಸೆಂಡ್ ಸಾಕು, 'ಡಿಡ್ ನಾಟ್ ಸೆಂಟ್' ಅಲ್ಲ.

ಒಂದು ಕಡೆ ಮಾತ್ರ ಇಂಗ್ಲಿಷ್ ನಮ್ಗಿಂತ ಸುಲಭ. ನಮ್ದು ಹೊಲಿತೀನಿ, ಹೊಲಿತೀಯ, ಹೊಲಿತಾನೆ, ಹೊಲಿತಾಳೆ, ಹೊಲಿತಾರೆ ಅಂತ ಎಷ್ಟು ಬದಲಾಗ್ತದೆ, ಅವರ್ದು ಹಿ, ಶಿ, ಇಟ್‌ಗೆ ಒಂದು ಎಸ್ ಸದ್ದು ಬಿಟ್ರೆ ಎಲ್ಲಾರಿಗೂ ಸ್ಟಿಚ್ಚೇ. ಇಷ್ಟೆಲ್ಲಾ ಕನ್ನಡ ತಪ್ಪಿಲ್ದೆ ಮಾತಾಡೋ ನಮಗೆ ಆ ಒಂದು ಎಸ್ ಯಾಕೆ ಬರಬಾರ್ದು ಹೇಳ್ರಿ.

ಈಗ ನಾನು ಜಗ್ಗಾಡ್ತಿರೋದು 'ಎ', 'ದ' ಜೊತೆಗೆ. ಮೊದಲ್ನೇ ಸಲ ಹೇಳೋವಾಗ ನಾವು 'ಒಂದು ಪಾರ್ಸೆಲ್ ಹಾಕೀವಿ' ಅಂತೀವಿ, ಆಮೇಲೆ 'ಆ ಪಾರ್ಸೆಲ್' ಅಂತೀವಲ್ಲ, 'ಒಂದು' ಇದ್ದಲ್ಲಿ 'ಎ', 'ಆ' ಇದ್ದಲ್ಲಿ 'ದ' ಅಂತ ಇಟ್ಕೊಂಡು ಬರೀತೀನಿ. ಎಲ್ಲಾ ಕಡೆ ಸರಿಹೋಗಲ್ಲ, ಆದ್ರೆ ಮೆಸೇಜ್ ಓದಿದ ಪಾರ್ಟಿ ಈಗ ಲಾರಿ ಆಫೀಸಿಗೆ ಸರಿಯಾದ ದಿನಾನೇ ಹೋಗ್ತಾರೆ.