ಫೋಟೊ ಎಡಿಟಿಂಗಿಗೆ ಮಾನಿಟರ್ ಆರಿಸುವಾಗ

ಯಕ್ಷಗಾನ ವೇಷದ ಫೋಟೊವೊಂದನ್ನು ತೆರೆದು ನೋಡಿ. ಅಗ್ಗದ ಪರದೆಯಲ್ಲಿ ಕೆಂಪು ಬಟ್ಟೆಯ ನೆರಿಗೆಗಳೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತವೆ, ಯಾಕೆಂದರೆ ಅಷ್ಟು ಗಾಢ ಕೆಂಪನ್ನು ತೋರಿಸುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಐಪಿಎಸ್ ಪ್ಯಾನೆಲ್ (ಬದಿಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಪರದೆ), 100% ಎಸ್‌ಆರ್‌ಜಿಬಿ (ವೆಬ್ ಫೋಟೊಗಳ ಸಾಮಾನ್ಯ ಬಣ್ಣವ್ಯಾಪ್ತಿ), ಡೆಲ್ಟಾ ಇ (ಸರಿಯಾದ ಬಣ್ಣಕ್ಕೂ ಪರದೆ ತೋರಿಸುವ ಬಣ್ಣಕ್ಕೂ ಇರುವ ವ್ಯತ್ಯಾಸದ ಅಳತೆ) 2ಕ್ಕಿಂತ ಕಡಿಮೆ: ಈ ಮೂರರಲ್ಲಿ ರಾಜಿ ಬೇಡ. ಇನ್ನೂ ವಿಶಾಲ ಬಣ್ಣವ್ಯಾಪ್ತಿಯಾದ ಅಡೋಬ್ ಆರ್‌ಜಿಬಿಗೆ ಹೆಚ್ಚು ದುಡ್ಡು ಕೊಡಬೇಕಾದವರು ಒಳ್ಳೆಯ ಇಂಕ್‌ಜೆಟ್‌ನಲ್ಲಿ ಪ್ರಿಂಟ್ ತೆಗೆಯುವವರು ಮಾತ್ರ.

27 ಇಂಚಿನದಾದರೆ 2560×1440 ಇರಲಿ. 1920×1080 ಆದರೆ ಇಂಚಿಗೆ ಸುಮಾರು 82 ಪಿಕ್ಸೆಲ್ ಅಷ್ಟೇ. ಶಾರ್ಪ್‌ನೆಸ್ ಅಂದಾಜು ತಪ್ಪುತ್ತದೆ.

ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಉಡುಪಿಯಲ್ಲಾಗಲಿ, ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ. ಪರದೆ ತುಂಬ ಬಿಳಿ ಹಾಕಿದರೆ ಸತ್ತ ಪಿಕ್ಸೆಲ್ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಕಪ್ಪು ಹಾಕಿದರೆ ಮೂಲೆಗಳಲ್ಲಿ ಸೋರುವ ಬೆಳಕು ತಿಳಿಯುತ್ತದೆ. ಲ್ಯಾಪ್‌ಟಾಪನ್ನೂ ಒಯ್ಯಿರಿ: ಎಲ್ಲ ಟೈಪ್-ಸಿ ಪೋರ್ಟಿನಿಂದಲೂ ಚಿತ್ರ ಹೊರಬರುವುದಿಲ್ಲ.

ಆಲ್ಬಮ್ ಪ್ರಿಂಟ್ ಕಪ್ಪಾಗಿ ಬಂದರೆ ಲ್ಯಾಬನ್ನು ದೂರುವ ಮೊದಲು ನಿಮ್ಮ ಪರದೆಯ ಬ್ರೈಟ್‌ನೆಸ್ ಅತಿಯಾಗಿದೆಯೇ ನೋಡಿ. ಕ್ಯಾಲಿಬ್ರೇಟರ್ (ಪರದೆಯ ಬಣ್ಣ, ಬೆಳಕು ಅಳೆಯುವ ಸಾಧನ) ಇಟ್ಟು ಬೆಳಕನ್ನು 100ರಿಂದ 120 ನಿಟ್ಸ್, ಬಿಳಿಯ ಛಾಯೆಯನ್ನು 6500 ಕೆಲ್ವಿನ್, ನಡುಛಾಯೆಗಳ ಹೊಳಪು ನಿರ್ಧರಿಸುವ ಗಾಮಾವನ್ನು 2.2ಕ್ಕೆ ಹೊಂದಿಸಿ. ಅಳೆಯುವ ಮುನ್ನ ಪರದೆ ಅರ್ಧ ಗಂಟೆ ಉರಿದಿರಬೇಕು. ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ.

ಮಳೆಗಾಲದಲ್ಲಿ ಒದ್ದೆ ಗೋಡೆಗೆ ತಾಗಿಸಿ ಇಡಬೇಡಿ, ಪ್ಲಾಸ್ಟಿಕ್ ಹೊದಿಸಿ ಬಿಗಿದೂ ಇಡಬೇಡಿ. ತೇವ ಒಳಗೇ ಉಳಿಯುತ್ತದೆ.